ಇಕ್ಕಳ ಕಚ್ಚಿದ ಫ್ಯಾನು

ಈ ವಿಷಯ ಹೇಳಬೇಕೆಂದು ಎಷ್ಟೋ ತಿಂಗಳಿಂದ ಅಂದುಕೊಳ್ಳುತ್ತ, ಮುಂದೂಡುತ್ತ ಬಂದಿದ್ದೇನೆ. ಕಾರಣ ಸಂಕೋಚವಲ್ಲ, ಜಂಬ. ಜೋಗದ ವಿದ್ಯುದಾಗಾರದಲ್ಲಿ ಹೆಲ್ಪರಾಗಿ ಸೇರಿ ಆಪರೇಟರಾಗಿ ನಿವೃತ್ತನಾದವನು ನಾನು. ಎಸ್ಸೆಸ್ಸೆಲ್ಸಿಗಿಂತ ದೊಡ್ಡ ವಿದ್ಯೆ ಕಲಿಸಿದ್ದು ಅಲ್ಲಿ ಕರೆಂಟಿನ ಫ್ರೀಕ್ವೆನ್ಸಿ ತೋರಿಸುವ ಮೀಟರಿನ ಒಂದು ಮುಳ್ಳು. ಊರೂರಲ್ಲಿ ದೀಪ ಹೊತ್ತಲಿ, ಆರಲಿ, ಅದು ಐವತ್ತರ ಆಸುಪಾಸಿನಲ್ಲೇ ನಿಲ್ಲಬೇಕು. ಹೊರೆ ಹೆಚ್ಚಿದರೆ ಗವರ್ನರ್ ಎಂಬ ಯಂತ್ರ ತಾನೇ ತಿಳಿದು ಟರ್ಬೈನಿಗೆ ನೀರು ಹೆಚ್ಚು ಬಿಡುತ್ತದೆ, ಇಳಿದರೆ ಕಡಿಮೆ ಮಾಡುತ್ತದೆ. ನಾನು ಎದುರಿಗೆ ಕೂತು ನೋಡುತ್ತಿದ್ದೆ, ಅಷ್ಟೆ. ಆದರೂ ಮುಳ್ಳು ನಿಂತದ್ದು ನನ್ನ ನೋಟಕ್ಕೆ ಹೆದರಿ ಎಂದೇ ನಂಬಿದ್ದೆ.

ದೇಹವೂ ಹಾಗೇ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಬಿಸಿಲಿಗೆ ಬೆವರಿ ತಂಪಾಗುತ್ತದೆ, ಚಳಿಗೆ ನಡುಗಿ ಬಿಸಿಯಾಗುತ್ತದೆ. ನಡುವೆ ಸ್ವೆಟರು, ಫ್ಯಾನು ಎಂದು ಮನುಷ್ಯ ಕೈ ಹಾಕಬಾರದು. ಡಿಸೆಂಬರಿನಲ್ಲಿ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಎನ್ನುವಾಗಲೇ "ನೋಡಿ, ಗವರ್ನರ್ ಕೆಲಸ ಮಾಡ್ತಾ ಇದೆ" ಎಂದು ಪಕ್ಕದ ಕ್ವಾರ್ಟರ್ಸಿನವರಿಗೆ ತೋರಿಸುತ್ತಿದ್ದೆ. ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇಂಥವನ ಮನೆಯಲ್ಲಿ, ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ, ನನ್ನ ಹೆಂಡತಿಗೆ ಸೆಕೆ ಶುರುವಾಯಿತು. ಹೊರಗೆ ಕಿಟಕಿಗೆ ಮಂಜು ಅಂಟಿದ್ದರೂ ಅವಳ ಮುಖ ಇದ್ದಕ್ಕಿದ್ದಂತೆ ಕೆಂಪಾಗಿ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ಅವಳು ಫ್ಯಾನು ಹಾಕುತ್ತಿದ್ದಳು, ನಾನು ಆರಿಸುತ್ತಿದ್ದೆ.

"ಎಂತ ಸೆಕೆ ಮಾರಾಯ್ತಿ? ಬಾಯಲ್ಲಿ ಹೊಗೆ ಬರೋ ಹಂಗೆ ಚಳಿ ಇದೆ."

"ಚಳಿ ನಿಮಗೆ. ನನ್ನೊಳಗೆ ಒಲೆ ಉರೀತಿದೆ."

ಕಡೆಗೊಂದು ದಿನ ರೆಗ್ಯುಲೇಟರನ್ನು ಸೊನ್ನೆಗೆ ತಿರುಗಿಸಿ, ಅದರ ಗುಂಡಿಯನ್ನೇ ಕಿತ್ತು ಜೇಬಿಗಿಳಿಸಿ ಡ್ಯೂಟಿಗೆ ಹೋದೆ. ಸಂಜೆ ಬಂದರೆ ಫ್ಯಾನು ಗಿರಗಿರ ತಿರುಗುತ್ತಿದೆ. ರೆಗ್ಯುಲೇಟರಿನ ಬೋಳು ಕಡ್ಡಿಗೆ ಅಡುಗೆಮನೆಯ ಇಕ್ಕಳ ಕಚ್ಚಿಕೊಂಡು ನೇತಾಡುತ್ತಿದೆ. ಆಪರೇಟರಾದವನು ಆ ಕೈಚಳಕ ಕಂಡು ಭೇಷ್ ಅನ್ನಬೇಕಿತ್ತು. ಬದಲಿಗೆ, ಆ ಭಾನುವಾರ ಮನೆಗೆ ಬಂದ ನಮ್ಮ ಶಿಫ್ಟಿನವರಿಗೆ ಇಕ್ಕಳ ತೋರಿಸಿ "ನಮ್ಮನೆ ಮೆಷಿನ್ನಿನ ಗವರ್ನರ್ ಕೆಟ್ಟಿದೆ ಕಣ್ರಿ, ಇನ್ನು ಗುಜರಿಗೆ ಹಾಕೋದೇ" ಎಂದೆ. ಎಲ್ಲರೂ ನಕ್ಕರು. ಅವಳು ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟು, ಇಕ್ಕಳ ಬಿಡಿಸಿಕೊಂಡು ಒಳಗೆ ಹೋದಳು. ಮತ್ತೆ ಫ್ಯಾನಿನ ತಂಟೆಗೆ ಬರಲಿಲ್ಲ. ಒದ್ದೆ ಟವೆಲು ಕುತ್ತಿಗೆಗೆ ಸುತ್ತಿಕೊಂಡು ಬಚ್ಚಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಈಗ ಸಾಗರದಲ್ಲಿದ್ದೇವೆ. ಹೋದ ವರ್ಷ ನನ್ನ ಪ್ರಾಸ್ಟೇಟಿನಲ್ಲಿ ಗಡ್ಡೆ ಕಂಡು, ಗಂಡಸಿನ ಹಾರ್ಮೋನು ತಗ್ಗಿಸುವ ಇಂಜೆಕ್ಷನ್ ಶುರು ಮಾಡಿದರು. ಒಂದು ಬೆಳಿಗ್ಗೆ ದೋಸೆ ತಿನ್ನುತ್ತಿದ್ದವನಿಗೆ ಎದೆಯಿಂದ ನೆತ್ತಿಗೆ ಬೆಂಕಿಯೇರಿ ಬನಿಯನ್ನು ತೊಯ್ದು ತೊಪ್ಪೆಯಾಯಿತು. ಡಾಕ್ಟರ ಹತ್ತಿರ ಓಡಿದೆವು.

"ಹಾರ್ಮೋನ್ ಇಳಿದ್ರೆ ಮೆದುಳಿಗೆ ಚೂರು ಬಿಸೀನೂ ದೊಡ್ಡ ಬೆಂಕಿ ಹಾಗೆ ಕಾಣುತ್ತೆ. ತಂಪು ಮಾಡೋಕೆ ಬೆವರು ಸುರಿಸುತ್ತೆ. ಮುಟ್ಟು ನಿಲ್ಲೋವಾಗ ಹೆಂಗಸರಿಗೆ ಆಗೋದೂ ಇದೇ. ನಿಮ್ಮನೆಯವರನ್ನ ಕೇಳಿ, ಹೇಳ್ತಾರೆ" ಎಂದರು ಡಾಕ್ಟರು.

ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡುತ್ತ "ನಂಗೆಂತ ಗೊತ್ತು ಸರ್. ಗವರ್ನರ್ ವಿಷಯ ಎಲ್ಲ ಇವರಿಗೇ ಗೊತ್ತಿರೋದು" ಅಂದಳು.

ಅವಳ ಗವರ್ನರ್ ಕೆಟ್ಟಿರಲಿಲ್ಲ. ತಪ್ಪು ಸುದ್ದಿ ಬಂದಾಗಲೂ ಎದ್ದು ಓಡಿ, ಬೆವರು ಸುರಿಸಿ, ಮುಳ್ಳನ್ನು ಮತ್ತೆ ಜಾಗಕ್ಕೆ ತರುತ್ತಿತ್ತು. ಕಾಯಲು ಆಪರೇಟರಿಲ್ಲ, ಶಿಫ್ಟ್ ಬದಲಾವಣೆಯಿಲ್ಲ; ಅದರ ನಡುವೆಯೇ ಅವಳು ನನ್ನ ಡಬ್ಬಿಗೆ ಅನ್ನ ತುಂಬುತ್ತಿದ್ದಳು. ನನ್ನ ಸರ್ವಿಸಿನಲ್ಲಿ ಅಂಥ ಮೆಷಿನ್ನನ್ನು ನಾನು ಕಂಡಿಲ್ಲ. ಈಗ ನನಗೆ ಬೆಂಕಿ ಏರಿದಾಗಲೆಲ್ಲ ಹೆಮ್ಮೆಯೂ ಏರುತ್ತದೆ, ನನ್ನ ಬಗ್ಗೆ ಅಲ್ಲ.

ಆಗೆಲ್ಲ ಅವಳೇ ಶಾಲು ಹೊದ್ದು ಬಂದು ಫ್ಯಾನು ಹಾಕುತ್ತಾಳೆ. ಮೊನ್ನೆ ಧೈರ್ಯ ಮಾಡಿದೆ. ಮದುವೆಯಾದಾಗಿನಿಂದ "ಇವಳೇ" ಎಂದಷ್ಟೇ ಕರೆದವನು, ಕ್ಷಮೆ ಕೇಳುವಾಗಲಾದರೂ ಹೆಸರು ಹಿಡಿಯಬೇಕೆನಿಸಿ, ಹಿಡಿದು ಕರೆದೆ. ಅವಳು ಬಾಗಿಲ ಕಡೆ ತಿರುಗಿ "ಯಾರು ಬಂದ್ರು?" ಅಂದಳು.

"ಏನಿಲ್ಲ. ಫ್ಯಾನು ಒಂದು ಪಾಯಿಂಟ್ ಜಾಸ್ತಿ ಮಾಡು" ಅಂದೆ. ಜಾಸ್ತಿ ಮಾಡಿ, ಶಾಲು ಬಿಗಿಯಾಗಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲಾದರೆ ಹೆಸರು ಹಿಡಿದರೂ ಯಾರೂ ಬಾಗಿಲ ಕಡೆ ತಿರುಗುವುದಿಲ್ಲ. ತಪ್ಪಾಯಿತು, ಸುಶೀಲಾ.