ಬೆರಳ ಸಂದಿಯ ಸುಖ

ತೊಂದರೆ ಶುರುವಾದದ್ದು ಸರಿಯಾಗಿ ಒಣಗದ ಕಾಲುಚೀಲದಿಂದ. ವಾರವಿಡೀ ಅದನ್ನೇ ಹಾಕಿಕೊಂಡು ಬಂದ ಗ್ರಂಥಾಲಯದ ಗುಮಾಸ್ತನಿಗೆ, ಆ ದಿನ ಹನ್ನೊಂದಕ್ಕೆಲ್ಲ ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಇರುವೆಗಳ ಮೆರವಣಿಗೆ ಹೊರಟಿತು.

ಎಲ್ಲರೆದುರು ಕೆರೆದುಕೊಳ್ಳುವಂತಿಲ್ಲ. ಮೆಲ್ಲಗೆ ಬೂಟು, ಕಾಲುಚೀಲ ಜಾರಿಸಿ, ಮೇಜಿನಡಿಯ ಕಬ್ಬಿಣದ ಸರಳಿಗೆ ಬೆರಳಸಂದಿ ಸಿಕ್ಕಿಸಿ ಒಮ್ಮೆ ಉಜ್ಜಿದ. ಆಹಾ! ಫ್ಯಾನಿನ ಗುಂಯ್‌ಗುಡುವಿಕೆ ದೂರದ ಹೊಳೆಯಾಯಿತು. ಕಿಟಕಿಯ ಬಿಸಿಲಲ್ಲಿ ಪುಸ್ತಕದ ಧೂಳು ಹೊಂಬಣ್ಣದ ಮೀನುಗಳಂತೆ ಹೊರಳಿತು. ಗುಮಾಸ್ತ ಆ ಹೊಳೆಯಲ್ಲಿ ಹಗುರಾದ ಎಲೆಯಂತೆ ತೇಲಿಹೋದ. ಕಣ್ಣು ಅರೆಮುಚ್ಚಿತು, ತುಟಿಯಲ್ಲಿ ನಗು ಅರಳಿತು. ಆ ನಗುವಿನ ನೇರಕ್ಕೆ ಎದುರು ಮೇಜಿನ ಟೈಪಿಸ್ಟ್ ಕೂತಿದ್ದಳೆಂಬುದೇ ಗ್ರಹಚಾರ.

ಮೂಲೆಯಲ್ಲಿ ಹಳೇ ಪುಸ್ತಕ ಹೊಲಿಯುತ್ತಿದ್ದ ಬೈಂಡರ್ ಸೂಜಿ ನಿಲ್ಲಿಸಿದ. “ಏನ್ ಗುಮಾಸ್ತರೇ, ಹಗಲಲ್ಲೇ ಕನಸಾ?”

“ಏನ್ ಸುಖ ಕಣಯ್ಯಾ... ಹೇಳೋಕಾಗಲ್ಲ.”

ಬೈಂಡರನ ಹೊಟ್ಟೆಯಲ್ಲಿ ಗುಟ್ಟು ಅರಗಿದ್ದೇ ಇಲ್ಲ. ಹೊರಗೆ ಹೋಗಿ ಗುಮಾಸ್ತನ ಹೆಂಡತಿಗೆ ಫೋನು ಮಾಡಿಯೇಬಿಟ್ಟ. “ಅಕ್ಕಾ, ತಪ್ಪು ತಿಳೀಬೇಡಿ...”

ಅರ್ಧ ಗಂಟೆಯಲ್ಲಿ ಹೆಂಡತಿ ಬಂದು ನಿಂತಳು. ಗುಮಾಸ್ತ ಇನ್ನೂ ತೇಲುತ್ತಲೇ ಇದ್ದ.

“ರೀ! ಯಾರನ್ನ ನೋಡಿ ಹಲ್ಲು ಕಿರೀತಿದ್ದೀರಿ?”

ಹೊಳೆ ಬತ್ತಿತು. “ಅಯ್ಯೋ, ಯಾರನ್ನೂ ಅಲ್ಲ ಕಣೇ! ತುರಿಕೆ, ಬರೀ ತುರಿಕೆ!” ಸಂಸಾರ ಉಳಿದರೆ ಸಾಕೆಂದು ಕಾಲೆತ್ತಿ ಮೇಜಿನ ಮೇಲೇ ಇಟ್ಟ. ಬೆರಳಸಂದಿ ನೆನೆದ ಕಾಗದದಂತೆ ಬೆಳ್ಳಗೆ ಸುಲಿದಿತ್ತು.

ಪೇಪರ್ ಓದುತ್ತಿದ್ದ ನಿವೃತ್ತ ಚರ್ಮವೈದ್ಯರೊಬ್ಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ನಿಜ ಕಣಮ್ಮ, ಇದು ಫಂಗಸ್. ಬೆರಳು ಒಣಗಿಸಿಕೊಂಡು ಮುಲಾಮು ಹಚ್ಚಿದ್ರೆ ಹೋಗುತ್ತೆ.”

ಹೆಂಡತಿಯ ಮುಖ ಮಂಜು ಕರಗಿದ ಬೆಳಗಿನಂತಾಯಿತು. “ಪಾಪ, ಸುಮ್ನೆ ಅನುಮಾನಪಟ್ಟೆ ಕಣ್ರೀ.” ಗುಮಾಸ್ತನಿಗೆ ಹೋದ ಜೀವ ಬಂತು.

“ಆದ್ರೆ ಇದು ಅಂಟೋ ಕಾಯಿಲೆ,” ಎಂದರು ವೈದ್ಯರು. “ಒಬ್ಬರ ಚಪ್ಪಲಿ, ಟವೆಲ್ಲು ಇನ್ನೊಬ್ರು ಬಳಸಿದ್ರೆ, ಒಂದೇ ಬಚ್ಚಲಲ್ಲಿ ಬರಿಗಾಲಲ್ಲಿ ಓಡಾಡಿದ್ರೆ ಹರಡುತ್ತೆ. ನಿಮಗೇನಾದ್ರೂ ಇದೆಯಾ?”

“ನಂಗಿಲ್ಲಪ್ಪ,” ಎಂದಳು ಹೆಂಡತಿ.

ಆಗ ಟೈಪಿಸ್ಟ್ ದೊಡ್ಡ ಭಾರ ಇಳಿದವಳಂತೆ ನಿಟ್ಟುಸಿರುಬಿಟ್ಟು, ಚಪ್ಪಲಿ ಕಳಚಿ ಪಾದ ಚಾಚಿದಳು.

“ಡಾಕ್ಟ್ರೇ, ಹಾಗಾದ್ರೆ ನಂದೂ ಅದೇನಾ ನೋಡಿ. ನಂಗೂ ಒಂದು ವಾರದಿಂದ... ಇದೇ ಬೆರಳ ಸಂದಿ.”

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ಬೂಟು ಹಾಕ್ಕೊಳ್ಳಿ,” ಎಂದಳು ತಣ್ಣಗೆ. “ಮನೆಗೆ ನಡೀರಿ.”