ಡಿಸ್ಕಿನ ಓಟ, ದೊಡ್ಡವ್ವನ ಹೆಸರು

ಪಾಂಡವಪುರದ ಟೈಪಿಂಗ್ ಮೇಷ್ಟ್ರು ಚಿಕ್ಕಸ್ವಾಮಿಗೆ ತೊಂಬತ್ನಾಲ್ಕನೇ ಇಸವಿಯ ಮಾಘ ಮಾಸದಲ್ಲಿ ಒಂದು ಮಹಾ ಅವಮಾನವಾಯಿತು. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ನಾಗಮಂಗಲದಲ್ಲಿದ್ದ ಷಡ್ಡಕ ದಿಲೀಪ ಹೊಸ ಕಂಪ್ಯೂಟರು ಕೊಂಡು, ಅದರ ಡಿಸ್ಕಿನ ವೇಗ ಒಂಬೈನೂರ ಹತ್ತು ಎಂದು ಫೋನಿನಲ್ಲಿ ಹೇಳಿದ, ಅಷ್ಟೆ. ಚಿಕ್ಕಸ್ವಾಮಿಯ ಡಿಸ್ಕಿನ ವೇಗ ಮುನ್ನೂರ ಹನ್ನೆರಡು. (ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಮಾವನ ಮನೆಯಲ್ಲಿ ಇಬ್ಬರಿಗೂ ಒಂದೇ ಅಳತೆಯ ಎಲೆ ಹಾಕುತ್ತಾರೆ. ಹೋಳಿಗೆ ಯಾರ ಎಲೆಗೆ ಮೊದಲು ಬಿತ್ತು ಎಂಬುದನ್ನು ಇಬ್ಬರೂ ಸಾಯುವವರೆಗೆ ಮರೆಯುವುದಿಲ್ಲ.)

ಈ ಅಂಕಿಯ ಮರ್ಮ ಇಷ್ಟೆ. ಡಿಸ್ಕು ಅನ್ನುವುದು ಕಂಪ್ಯೂಟರಿನ ಉಗ್ರಾಣ. ಅಳೆಯುವ ಪ್ರೋಗ್ರಾಮೊಂದನ್ನು ಓಡಿಸಿದರೆ ಅದು ಒಂದು ದಪ್ಪ ಫೈಲನ್ನು ಉಗ್ರಾಣಕ್ಕೆ ತುಂಬಿ, ಮತ್ತೆ ಹೊರಕ್ಕೆ ತೆಗೆದು, ಸೆಕೆಂಡಿಗೆ ಇಷ್ಟು ಕಿಲೋಬೈಟು ಎಂದು ಷರಾ ಬರೆಯುತ್ತದೆ. ಲೋಕದ ಜನ ಅದನ್ನು ಒಂದು ಸಲ ನೋಡಿ ಸುಮ್ಮನಾಗುತ್ತಾರೆ. ಚಿಕ್ಕಸ್ವಾಮಿ ಸುಮ್ಮನಾಗುವ ಪೈಕಿಯಲ್ಲ. ಹದಿನೈದು ವರ್ಷದಿಂದ ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು, ನಿಮಿಷಕ್ಕೆ ಎಷ್ಟು ಪದ ಎಂದು ಮಕ್ಕಳ ಭವಿಷ್ಯ ತೂಗಿದ ಮನುಷ್ಯ. ಆ ವಾಚು ಮನೆಯೊಳಗೂ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ಅನು ಮುದ್ದೆ ತೊಳಸುವುದಕ್ಕೆ ನಾಲ್ಕು ನಿಮಿಷ ಹತ್ತು ಸೆಕೆಂಡು ಎಂಬುದು ಅವನಿಗೆ ಬಾಯಿಪಾಠ. ಒಮ್ಮೆ ಹಾಲು ನೋಡ್ಕೊಳ್ಳಿ ಎಂದು ಹೇಳಿ ಅವಳು ಹಿತ್ತಲಿಗೆ ಹೋದಳು. ಬಂದಾಗ, ಉಕ್ಕುವುದಕ್ಕೆ ಸರಿಯಾಗಿ ಆರು ನಿಮಿಷ ಹಿಡಿಯಿತು ಎಂದು ವರದಿ ಒಪ್ಪಿಸಿದ. ಒಲೆ ಆರಿಸಿರಲಿಲ್ಲ.

ಇಂಥವನ ಕೈಗೆ ಆ ವರ್ಷ ಒಂದು ಲಗ್ನಪತ್ರಿಕೆಯ ಕೆಲಸ ಬಂತು. ಅನುವಿನ ಕಡೇ ತಂಗಿ ಚಿನ್ನುವಿನ ಮದುವೆ. ಪತ್ರಿಕೆ ನನ್ನ ಕಂಪ್ಯೂಟರಲ್ಲಿ ಮಾಡ್ತೀನಿ ಎಂದು ದಿಲೀಪ ಬಾಯಿ ತೆಗೆಯುವುದರೊಳಗೆ, ಹಿರಿಯಳಿಯ ನಾನಿರುವಾಗ ಎಂದು ಚಿಕ್ಕಸ್ವಾಮಿ ಆ ಗೌರವವನ್ನು ಕಿತ್ತುಕೊಂಡಿದ್ದ. ಕಿತ್ತುಕೊಂಡದ್ದಕ್ಕೆ ಕಾರಣವೂ ಇತ್ತು, ಹಳೆಯ ಗಾಯವೂ ಇತ್ತು.

ಆ ಗಾಯದ ಹೆಸರು ಮಾಯಮ್ಮ. ಅನುವಿನ ತಂದೆಯ ಅಣ್ಣನ ಹೆಂಡತಿ, ಕೆ.ಆರ್. ಪೇಟೆಯವರು. ಹೆತ್ತ ತಾಯಿ ಹೋದ ಮೇಲೆ ಮೂರು ಹೆಣ್ಣುಮಕ್ಕಳ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಮಲಗಿ, ಸಾಕಿ ದೊಡ್ಡವರನ್ನು ಮಾಡಿದ ದೊಡ್ಡವ್ವ. ಹನ್ನೆರಡು ವರ್ಷದ ಹಿಂದೆ ಅನುವಿನ ಲಗ್ನಪತ್ರಿಕೆಯನ್ನು, ಅಕ್ಷರ ಬಲ್ಲ ಅಳಿಯ ಸಿಕ್ಕಿದ್ದಾನೆ ಎಂದು ಮಾವ ಇದೇ ಚಿಕ್ಕಸ್ವಾಮಿಯ ಕೈಲಿ ಬರೆಸಿದ್ದರು. ಬಂಧುಗಳ ನಲವತ್ತೊಂದು ಹೆಸರು ಬರೆದ ಮಹಾನುಭಾವ ಮಾಯಮ್ಮನ ಹೆಸರು ಬಿಟ್ಟಿದ್ದ. ಅವತ್ತಿನಿಂದ ಆ ತಾಯಿ ಈ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಿಲ್ಲ. ಅಚ್ಚಿನಲ್ಲಿ ಇಲ್ಲದೋಳು ಮನೇಲಿ ಯಾಕೆ ಎನ್ನುವುದು ಅವರ ಮಾತು. ಈಗ ಅನು ಮೂರು ಸಲ ಕೆ.ಆರ್. ಪೇಟೆಗೆ ಬಸ್ಸು ಹತ್ತಿ, ಕಾಲು ಹಿಡಿದು ಒಪ್ಪಿಸಿದ್ದಳು. ಧಾರೆಯ ಹೊತ್ತಿಗೆ ತಾಯಿಯ ಜಾಗದಲ್ಲಿ ನಿಲ್ಲುತ್ತೇನೆ, ಆದರೆ ಹೆಸರು ಎಲ್ಲರಿಗಿಂತ ಮೇಲೆ ಅಚ್ಚಾಗಿರಬೇಕು, ಭಾನುವಾರ ನಾನೇ ಬಂದು ಕಣ್ಣಲ್ಲಿ ನೋಡಿದ ಮೇಲೆ ಮಿಕ್ಕಿದ ಮಾತು ಎಂದು ಮಾಯಮ್ಮ ಹೇಳಿ ಕಳಿಸಿದ್ದರು.

ಚಿಕ್ಕಸ್ವಾಮಿ ಪತ್ರಿಕೆಯನ್ನು ಕಂಪ್ಯೂಟರಿಗೆ ಹತ್ತಿಸಿದ. ಮೇಲಿನ ಸಾಲಿನಲ್ಲಿ ದೊಡ್ಡವ್ವನನ್ನು ಶ್ರೀಮತಿ ಎನ್ನುವುದೋ ಮಾತೃಶ್ರೀ ಎನ್ನುವುದೋ ಎಂದು ಮಾವನ ಮನೆಯವರು ಇನ್ನೂ ತೀರ್ಮಾನಿಸದೆ ಇದ್ದುದರಿಂದ ಆ ಒಂದು ಸಾಲನ್ನು ಖಾಲಿ ಬಿಟ್ಟು ಸೇವ್ ಮಾಡಿದ. ತೀರ್ಮಾನ ಬರುವವರೆಗೆ ಕೈ ಸುಮ್ಮನಿರಬೇಕಲ್ಲ, ಡಿಸ್ಕಿನ ವೇಗ ಏರಿಸುವುದಕ್ಕೆ ಕೂತ.

ಮೊದಲು ಬೇಡದ ಫೈಲುಗಳನ್ನು ಅಳಿಸಿದ. ಮುನ್ನೂರ ಹದಿನೈದು. ಚೆಲ್ಲಾಪಿಲ್ಲಿಯಾಗಿದ್ದ ಫೈಲುಗಳನ್ನೆಲ್ಲ ಒಂದು ಕಡೆ ಜೋಡಿಸುವ ಪ್ರೋಗ್ರಾಮನ್ನು ಇಡೀ ಬೆಳಗ್ಗೆ ಓಡಿಸಿದ. ಮುನ್ನೂರ ಇಪ್ಪತ್ತಾರು. ಡಬ್ಬದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನು ಇಟ್ಟ. ಅನು ಒಲೆಯ ಸೆಖೆಯಲ್ಲಿ ಬೆವರುತ್ತ ರೊಟ್ಟಿ ತಟ್ಟಿದಳು, ಡಿಸ್ಕು ಮುನ್ನೂರ ಇಪ್ಪತ್ತಾರರಲ್ಲೇ ತಣ್ಣಗೆ ಕೂತಿತ್ತು. ಕಡೆಗೆ ಮೇಜನ್ನೇ ಪೂರ್ವಕ್ಕೆ ತಿರುಗಿಸಿ ನೋಡಿದ. (ಇದನ್ನು ಅವನು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.)

ಕೊನೆಗೆ ಮೈಸೂರಿನ ಕಂಪ್ಯೂಟರು ರಿಪೇರಿಯವನೊಬ್ಬ ಒಂದು ಮರಿ ಪ್ರೋಗ್ರಾಮನ್ನು ಫ್ಲಾಪಿಗೆ ಹಾಕಿಕೊಟ್ಟ. ಅದರ ಗುಣ ಹೇಳುತ್ತ, ಬರೆಯಬೇಕಾದದ್ದನ್ನು ತಕ್ಷಣ ಡಿಸ್ಕಿಗೆ ಬರೆಯದೆ ಇದು ನೆನಪಿನಲ್ಲಿ ಇಟ್ಟುಕೊಂಡು ಆಯಿತು ಅಂದುಬಿಡುತ್ತದೆ, ಆಮೇಲೆ ಪುರುಸೊತ್ತಿನಲ್ಲಿ ಡಿಸ್ಕಿಗೆ ಇಳಿಸುತ್ತದೆ ಎಂದ. ಚಿಕ್ಕಸ್ವಾಮಿ ‘ಆಯಿತು’ ಎಂಬಲ್ಲಿಗೇ ಕಿವಿ ಮುಚ್ಚಿಕೊಂಡ. ರಿಪೇರಿಯವನು ಕೊಟ್ಟ ಚೀಟಿಯ ಕೊನೆಯಲ್ಲಿ ಇನ್ನೂ ಒಂದು ಸಾಲಿತ್ತು, ಅದನ್ನು ಓದಲಿಲ್ಲ. ಮನೆಗೆ ಬಂದು ಅಳೆದರೆ ಆರು ಸಾವಿರದ ಇನ್ನೂರ ನಲವತ್ತು. ಎರಡು ಸಲ ಕಣ್ಣುಜ್ಜಿಕೊಂಡು ನೋಡಿ, ನಾಗಮಂಗಲಕ್ಕೆ ಫೋನು ಮಾಡಿ ಆ ಅಂಕಿಯನ್ನು ಬಿಡಿಬಿಡಿಯಾಗಿ ಹೇಳಿದ. ಆ ತುದಿಯಲ್ಲಿ ಮೌನ. ಎಂಟು ಸೆಕೆಂಡು. (ಅಳೆದ.)

ಈಗ ಚಿಕ್ಕಸ್ವಾಮಿಯ ತಾಯಿ ಪುಟ್ಟತಾಯಮ್ಮನ ವಿಚಾರ ಹೇಳಬೇಕು. ಆಕೆಯ ಜಾಗ ಮುಂದಿನ ಕೋಣೆಯಲ್ಲಿ ಸ್ವಿಚ್ಚಿನ ಬೋರ್ಡಿನ ಕೆಳಗೆ. ಎಲೆಅಡಿಕೆ ಚೀಲವೂ ಅಲ್ಲೇ, ಆಕೆಯೂ ಅಲ್ಲೇ. ಕೆಲಸ ಮುಗಿದ ಮೇಲೂ ಕರೆಂಟು ಉರಿಯುತ್ತಿದ್ದರೆ ಆಕೆಗೆ ಹೊಟ್ಟೆ ಉರಿಯುತ್ತಿತ್ತು. ಮನೆಯಲ್ಲಿ ಯಾರೇ ಆಗಲಿ ಆಯ್ತು ಅಂದರೆ ಸಾಕು, ಕೈ ಮೇಲಕ್ಕೆ ಹೋಗಿ ಬೋರ್ಡಿನ ಸ್ವಿಚ್ಚುಗಳನ್ನೆಲ್ಲ ಒಂದೇ ಏಟಿಗೆ ಸವರಿ ಕೆಳಗಿಳಿಯುತ್ತಿತ್ತು. ಕಂಪ್ಯೂಟರು ಬಂದು ಮೂರು ವರ್ಷವಾದರೂ ಇದರಿಂದ ಯಾವ ಅನಾಹುತವೂ ಆಗಿರಲಿಲ್ಲ. ಮರಿ ಪ್ರೋಗ್ರಾಮು ಬರುವ ಮುಂಚೆ ಡಿಸ್ಕು ಕರಕರ ಎಂದು ಜಗಿದು, ಕೆಂಪು ದೀಪ ಮಿಣುಕಿಸಿ, ನಿಜವಾಗಿ ಬರೆದು ಮುಗಿಸಿದ ಮೇಲೆಯೇ ಪರದೆಗೆ ಸುದ್ದಿ ಕೊಡುತ್ತಿತ್ತು. ಆಮೇಲೆ ಮಗ ಆಯ್ತು ಅನ್ನುತ್ತಿದ್ದ. ಆಮೇಲೆ ಅವ್ವ ಆರಿಸುತ್ತಿದ್ದಳು.

ಸೋಮವಾರ ಸಂಜೆ ಮಾವನ ಮನೆಯಿಂದ ತೀರ್ಮಾನ ಬಂತು: ಮಾತೃಶ್ರೀ. ಅನು ಪಕ್ಕದಲ್ಲಿ ನಿಂತು, ಒಂದೊಂದು ಅಕ್ಷರವನ್ನೂ ಕಣ್ಣಲ್ಲಿ ಹಿಡಿದು ಬರೆಸಿದಳು. ಮೇಲಿನ ಖಾಲಿ ಸಾಲಿನಲ್ಲಿ ‘ಮಾತೃಶ್ರೀ ಮಾಯಮ್ಮನವರು’ ಬಂದು ಕೂತಿತು. ಈಗ ನೋಡು ನನ್ನ ಡಿಸ್ಕಿನ ಪ್ರತಾಪ ಎಂದು ಚಿಕ್ಕಸ್ವಾಮಿ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಸೇವ್ ಆಯಿತೆಂದು ಪರದೆ ಹೇಳಿತು.

“ಆಯ್ತು,” ಎಂದ ಚಿಕ್ಕಸ್ವಾಮಿ.

ಟಕ್ಕೆಂದು ಕತ್ತಲಾಯಿತು. ಅನು ದೀಪ ಹಾಕುವಾಗ, ಅಷ್ಟು ಬೇಗ ಬರೆದುಬಿಡ್ತಾ ಎಂದು ಒಂದು ಮಾತು ಕೇಳಿದಳು. ಆರು ಸಾವಿರದ ಇನ್ನೂರ ನಲವತ್ತು ಕಣೆ ಎಂದು ಇವನು ನಕ್ಕ.

ಮರುದಿನ ಬೆಳಗ್ಗೆ ಫೈಲನ್ನು ಫ್ಲಾಪಿಗೆ ಇಳಿಸುವಾಗ ಪರದೆಯನ್ನು ನೋಡಬೇಕಿತ್ತು. ಇವನು ಸ್ಟಾಪ್‌ವಾಚು ನೋಡುತ್ತಿದ್ದ. ಮೈಸೂರಿನ ಪ್ರೆಸ್ಸಿನವರು ಒಂದು ಪ್ರೂಫು ತೆಗೆದುಕೊಡುತ್ತೇವೆ, ಓದಿ ನೋಡಿ ಎಂದರೆ, ನೆನ್ನೆ ಮನೆಯವರನ್ನೇ ಪಕ್ಕದಲ್ಲಿಟ್ಟುಕೊಂಡು ಸೇವ್ ಮಾಡಿದ್ದೀನಿ ಸ್ವಾಮಿ, ಪ್ರೂಫು ಗೀಫು ಎಲ್ಲ ಹಳೇ ಕಾಲದ್ದು ಎಂದು ದೊಡ್ಡಸ್ತಿಕೆ ಮಾಡಿ ಬಂದ. ಬುಧವಾರ ಆರುನೂರು ಪತ್ರಿಕೆ ಬಂದಿಳಿದವು.

ಅನು ಕಟ್ಟು ಬಿಚ್ಚಿ, ಅಂಚಿಗೆ ಅರಿಶಿನ ಹಚ್ಚುವುದಕ್ಕೆ ಬಟ್ಟಲು ಹಿಡಿದು ಕೂತಳು. ಮೊದಲನೇದನ್ನು ಓದಿದಳು. ಎರಡನೇದನ್ನು ಓದಿದಳು. ಬಟ್ಟಲು ಕೆಳಗಿಟ್ಟು, “ದೊಡ್ಡವ್ವ ಎಲ್ಲವ್ಳೆ?” ಎಂದಳು.

“ಮೇಲೆ ನೋಡೆ.”

“ಮೇಲೆ ಗಣಪತಿ ಅವ್ನೆ. ಅವನ ಕೆಳಗೆ ಖಾಲಿ. ಅದರ ಕೆಳಗೆ ನೀವಿದ್ದೀರಿ.”

ಚಿಕ್ಕಸ್ವಾಮಿ ಪತ್ರಿಕೆಯನ್ನು ಕಿತ್ತುಕೊಂಡು ನೋಡಿದ. ಎಸ್‌ಟಿಡಿ ಬೂತಿಗೆ ಓಡಿ ಮೈಸೂರಿನ ರಿಪೇರಿಯವನನ್ನು ಹಿಡಿದ. ಅವನು ಬಹಳ ಶಾಂತವಾಗಿ, ಸೇವ್ ಅಂದಮೇಲೂ ಐದು ಸೆಕೆಂಡು ಕಾಯಬೇಕು, ಆಮೇಲೆ ಆರಿಸಬೇಕು, ಚೀಟಿಯ ಕೊನೇ ಸಾಲಲ್ಲಿ ಬರೆದಿದ್ದೆನಲ್ಲ ಎಂದ. ಅವ್ವನ ಕೈ ಆಯ್ತು ಎಂಬ ಮಾತಿನಿಂದ ಸ್ವಿಚ್ಚಿಗೆ ಹೋಗುವುದಕ್ಕೆ ಎಷ್ಟು ಹಿಡಿಯುತ್ತದೆಂದು ಮನೆಗೆ ಬಂದು ಅಳೆದ. ಎರಡು ಸೆಕೆಂಡಿಗೂ ಕಡಮೆ. ಡಿಸ್ಕಿಗೆ ಐದು, ಅವ್ವನಿಗೆ ಎರಡು. ಆ ಮನೆಯಲ್ಲಿ ಎಲ್ಲಕ್ಕಿಂತ ವೇಗದ ಯಂತ್ರ ಬೋರ್ಡಿನ ಕೆಳಗೆ ಎಲೆಗೆ ಸುಣ್ಣ ಹಚ್ಚಿಕೊಂಡು ಕೂತಿತ್ತು.

ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದ. ಹೇಳಬಾರದಿತ್ತು. ಅನು ಅರಿಶಿನದ ಬಟ್ಟಲನ್ನು ಒಳಗೆ ಇಟ್ಟು ಬಂದಳು.

“ಅಂದ್ರೆ ಬರೀದೇನೆ ಬರೆದೆ ಅಂತದೆ,” ಎಂದಳು. “ನಿಮ್ಮನ್ನ ನೋಡೇ ಕಲ್ತಿರ್ಬೇಕು. ನಲ್ಲಿಗೆ ವಾಷರು ಹಾಕ್ಸಿ ಅಂದ್ರೆ ಆಯ್ತು. ಹಿತ್ಲ ಬಾಗ್ಲಿಗೆ ಚಿಲ್ಕ ಹಾಕ್ಸಿ ಅಂದ್ರೆ ಆಯ್ತು. ಎಲ್ಲಾ ತಲೇಲೆ ಅವೆ, ಒಂದೂ ಕೆಳಗೆ ಇಳಿದಿಲ್ಲ. ಹನ್ನೆರಡು ವರ್ಷದಿಂದ ಇಂಥದ್ರ ಜೊತೇಲಿ ಸಂಸಾರ ಮಾಡ್ತಾ ಇದೀನಿ. ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ.”

ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಚಿನ್ನೂಗೆ ಧಾರೆ ಹೊತ್ತಲ್ಲಿ ಅವ್ವ ಅಂತ ಯಾರು ನಿಂತ್ಕೋತಾರೆ ಎಂದು ಕೇಳಿದಳು. ಮತ್ತೆ ಅಚ್ಚು ಹಾಕಿಕೊಡಿ ಎಂದರೆ ಪ್ರೆಸ್ಸಿನವರು, ಲಗ್ನದ ಕಾಲ, ಹತ್ತು ದಿನ ಮುಟ್ಟುವುದಕ್ಕಾಗಲ್ಲ ಎಂದಿದ್ದರು. ಭಾನುವಾರಕ್ಕೆ ಉಳಿದದ್ದು ನಾಲ್ಕು ದಿನ. ದಿಲೀಪನ ಮುಖ ನೆನೆದರೆ ಊಟ ಸೇರುತ್ತಿರಲಿಲ್ಲ, ಅನುವಿನ ಮುಖ ನೋಡಿದರೆ ನೀರೂ ಇಳಿಯುತ್ತಿರಲಿಲ್ಲ.

“ಲೇ ಚಿಕ್ಕ,” ಎಂದಳು ಅವ್ವ, ಎಲೆ ಮಡಿಸುತ್ತ. “ಅಲ್ಲಿ ಗೋಣಿತಾಟು ಹೊದ್ಕೊಂಡು ಕುಂತದಲ್ಲ, ಅದ್ರಲ್ಲಿ ಕುಟ್ಲಾ. ಹೆಂಗೂ ಜಾಗ ಖಾಲಿ ಅದೆ.”

ಮೂಲೆಯಲ್ಲಿದ್ದದ್ದು ಹಳೆಯ ಕನ್ನಡ ಟೈಪ್‌ರೈಟರು. ಕಂಪ್ಯೂಟರು ಬಂದ ದಿನದಿಂದ ಅದರ ಮುಖ ನೋಡಿರಲಿಲ್ಲ. ಗೋಣಿತಾಟು ತೆಗೆದು, ಧೂಳು ಊದಿ, ಎಣ್ಣೆ ಬಿಟ್ಟು, ಹೊಸ ರಿಬ್ಬನ್ನು ಹಾಕಿದ. ಮೊದಲನೇ ಪತ್ರಿಕೆ ಸಿಕ್ಕಿಸಿ, ಅಭ್ಯಾಸಬಲದಿಂದ ವಾಚನ್ನೂ ಒತ್ತಿ ಶುರುಮಾಡಿದ. ವೇಗ ಭರ್ಜರಿಯಾಗಿತ್ತು. ಹತ್ತು ಪತ್ರಿಕೆ ಮುಗಿಯುವಷ್ಟರಲ್ಲಿ ನಾಲ್ಕರಲ್ಲಿ ಮಾಯಮ್ಮ ಮಾಮಯ್ಯ ಆಗಿದ್ದರು. ತಪ್ಪು ಕಳೆದು ಉಳಿದದ್ದೇ ವೇಗ ಎಂದು ಹದಿನೈದು ವರ್ಷ ಮಕ್ಕಳಿಗೆ ಕಿವಿ ಹಿಂಡಿ ಹೇಳಿದವನು ಇವನೇ. ಅನು ಬಂದು, ಅವನ ಕೊರಳಿನಿಂದ ವಾಚು ಬಿಚ್ಚಿಕೊಂಡು ಹೋಗಿ ರಾಗಿಹಿಟ್ಟಿನ ಡಬ್ಬದೊಳಗೆ ಹಾಕಿದಳು.

ಅಲ್ಲಿಂದ ಮೂರು ದಿನ ಚಿಕ್ಕಸ್ವಾಮಿ ಆ ಒಂದೇ ಸಾಲನ್ನು ಬಡಿದ. ಒಂದು ಕೀಲಿ ಒತ್ತಿದರೆ ಒಂದಕ್ಷರ, ಅದು ಅಲ್ಲೇ, ಆಗಲೇ, ಕಾಗದದ ಮೇಲೆ. ಆಮೇಲೆ ಬರೀತೀನಿ ಎನ್ನುವ ಮಾತೇ ಆ ಯಂತ್ರಕ್ಕೆ ಗೊತ್ತಿರಲಿಲ್ಲ. ನೂರನೇ ಪತ್ರಿಕೆಗೆ ಬೆನ್ನು ಹಿಡಿಯಿತು, ಮುನ್ನೂರಕ್ಕೆ ಬೆರಳು ಊದಿತು. ಶನಿವಾರ ಸಂಜೆ ಕೊನೆಯದನ್ನು ಬಡಿದಾಗ ಅನು ಒಂದು ಲೋಟ ಕಾಫಿ ತಂದಿಟ್ಟಳು. ನಾಲ್ಕು ದಿನದಲ್ಲಿ ಅದೇ ಮೊದಲ ಕಾಫಿ.

ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಯಮ್ಮ ಬಂದರು. ಒಳಕ್ಕೆ ಬರಲಿಲ್ಲ, ಹೊಸಲಿನ ಆಚೆ ಜಗಲಿ ಮೇಲೆ ಕೂತರು. ಅನು ಇಟ್ಟ ಚೊಂಬಿನ ನೀರು ಹಾಗೇ ಇತ್ತು. ಚಿಕ್ಕಸ್ವಾಮಿ ಎರಡೂ ಕೈಯಲ್ಲಿ ಪತ್ರಿಕೆ ಹಿಡಿದುಕೊಟ್ಟು, ಗೋಡೆಗೆ ಒರಗಿ ನಿಂತ. ಅವರು ಕನ್ನಡಕ ಮರೆತು ಬಂದಿದ್ದರು. ಪತ್ರಿಕೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಡೆಗೆ ಕಣ್ಣಿನ ಆಸೆ ಬಿಟ್ಟು ಬೆರಳಲ್ಲಿ ಸವರುತ್ತ ಬಂದರು. ಮೇಲಿನ ಸಾಲಿನ ಮೇಲೆ ಬೆರಳು ನಿಂತಿತು. ಪತ್ರಿಕೆ ಮಗುಚಿ ಹಿಂಭಾಗವನ್ನೂ ಸವರಿದರು. ಟೈಪ್‌ರೈಟರು ಗುದ್ದಿದ ಅಕ್ಷರಗಳು ಅಲ್ಲಿ ಉಬ್ಬಿಕೊಂಡಿದ್ದವು.

“ಇದು ನಂದಾ ಮಗ?” ಎಂದು ಅನುವನ್ನು ಕೇಳಿದರು.

“ನಿಂದೇ ಕಣ್ ದೊಡ್ಡವ್ವ.”

“ಇದೊಂದು ಸಾಲು ಕೈಗೆ ಸಿಕ್ತದೆ. ಮಿಕ್ಕೋರ ಹೆಸ್ರೆಲ್ಲ ಬರೀ ಬಣ್ಣ ಬಳ್ದಂಗವೆ. ಅಚ್ಚು ಅಂದ್ರೆ ಇದಪ್ಪ.” ಚೊಂಬೆತ್ತಿ ಗಟಗಟ ನೀರು ಕುಡಿದು, ಹೊಸಲು ದಾಟಿ ಒಳಕ್ಕೆ ಬಂದು ಕೂತರು. ಅನು ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ಹನ್ನೆರಡು ವರ್ಷದ ಭಾರ ಇಳಿದ ಸುಖದಲ್ಲಿ ಚಿಕ್ಕಸ್ವಾಮಿ, ಇದೆಲ್ಲ ನಿಮಗೋಸ್ಕರ ನಾನೇ ಬೇಕೂಂತ ಹಂಗೆ ಮಾಡ್ಸಿದ್ದು ಎಂದು ಒಂದು ಸುಳ್ಳೂ ಹೇಳಿಬಿಟ್ಟ. ಅನು ಮಡಿಲಿಂದ ತಲೆಯೆತ್ತಿ ಅವನನ್ನು ಒಂದು ಸಲ ನೋಡಿದಳು.

ಮಾಯಮ್ಮ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಅಳಿಯನ ಕಡೆ ತಿರುಗಿದರು.

“ನೋಡು ಅಳಿಮಯ್ಯ, ಶ್ರಾವಣದಲ್ಲಿ ನನ್ ಮೊಮ್ಮಗನ್ ಮದ್ವೆ. ಸಾವ್ರ ಪತ್ರಿಕೆ ಬೇಕು. ಒಂದು ಸಾಲಲ್ಲ, ಮೇಲಿಂದ ಕೆಳೀಕೆ ಎಲ್ಲಾ ಸಾಲೂವೆ ಇಂಗೇ ಕೈಗೆ ಸಿಗಂಗೆ ಇರ್ಬೇಕು. ನೀನೇ ಮಾಡ್ಬೇಕು. ಆಯ್ತಾ?”

ಊದಿದ ಬೆರಳುಗಳು ಒಂದು ಸಲ ತಾವಾಗಿಯೇ ಮಡಚಿಕೊಂಡವು. ಆದರೆ ಹನ್ನೆರಡು ವರ್ಷದ ಅಭ್ಯಾಸ ಬೆರಳಿನಲ್ಲಿ ಇರಲಿಲ್ಲ, ನಾಲಗೆಯಲ್ಲಿತ್ತು.

“ಆಯ್ತು ದೊಡ್ಡವ್ವ,” ಎಂದ ಚಿಕ್ಕಸ್ವಾಮಿ.

ಬೋರ್ಡಿನ ಕೆಳಗಿಂದ ಅವ್ವನ ಕೈ ಮೇಲಕ್ಕೆ ಹೋಯಿತು. ಟಕ್ಕೆಂದು ಕತ್ತಲಾಯಿತು. ಆ ಕತ್ತಲಲ್ಲಿ ಅನುವಿನ ದನಿ ಸಮಾಧಾನವಾಗಿ ಕೇಳಿಸಿತು:

“ದೊಡ್ಡವ್ವ, ಈಗ್ಲೇ ಏಳ್ಬೇಡ ಕಣವ್ವ, ವಸಿ ಕೂತ್ಕೊ. ಅವರು ಅಂದದ್ದು ಇನ್ನೂ ಕೆಳಕ್ಕೆ ಇಳಿದಿಲ್ಲ.”