ಮೂರನೇ ಸಲ ಕೇಳಲಿ ಎಂದು

ನಮ್ಮ ಮನೆತನದಲ್ಲಿ ಯಾರೂ ಯಾವುದಕ್ಕೂ ಒಂದೇ ಸಲಕ್ಕೆ ಹೂಂ ಅಂದವರಲ್ಲ. ಊಟಕ್ಕೆ ಕರೆದರೆ ಮೊದಲ ಸಲ "ಈಗ್ತಾನೆ ಆಯ್ತು" ಅನ್ನಬೇಕು. ಎರಡನೇ ಸಲ ಕರೆದರೆ "ಸುಮ್ಕೆ ನಿಮಗ್ಯಾಕೆ ತೊಂದ್ರೆ" ಅನ್ನಬೇಕು. ಮೂರನೇ ಸಲ ಕೈ ಹಿಡಿದು ಎಳೆದಾಗ, ಬೇರೆ ದಾರಿಯೇ ಇಲ್ಲವೆಂಬ ಮುಖ ಮಾಡಿಕೊಂಡು ಹೋಗಿ ಕೂತು ಎರಡು ಮುದ್ದೆ ಉಣ್ಣಬೇಕು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಚೆನ್ನಾಗಿ ಬರುವ ಪಾಠ ಇದೊಂದೇ. ನಿಜ ಹೇಳಿಬಿಡುತ್ತೇನೆ, ಬಂದವರನ್ನು ನಾನು ಊಟಕ್ಕೆ ಕರೆಯುವಾಗ ಒಲೆಯ ಮೇಲೆ ಏನೂ ಇರುವುದಿಲ್ಲ. ಅವರ ಮೊದಲ 'ಬೇಡ'ಕ್ಕೆ ಎಸರಿಡುತ್ತೇನೆ, ಎರಡನೇ 'ಬೇಡ'ಕ್ಕೆ ಹಿಟ್ಟು ಸುರಿಯುತ್ತೇನೆ. ಮೂರನೇ ಸಲ ಕರೆಯುವ ಹೊತ್ತಿಗೆ ಮುದ್ದೆ ಆಗಿರುತ್ತದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಕೊಬ್ಬರಿ ಮಾರುವಾಗಲೂ ನಮ್ಮದು ಇದೇ ರೀತಿ. ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತು, ಒಳಗೆ ಒಣಗಿ ಚಿಪ್ಪು ಬಿಟ್ಟ ಗಿಟುಕು ಲೊಟಲೊಟ ಅನ್ನುವಾಗ ವ್ಯಾಪಾರದವನು ಬೈಕಿನಲ್ಲಿ ಬರುತ್ತಾನೆ. ಮೊದಲ ಸಲ ಬಂದರೆ ಬರೀ ಕಾಫಿ. ಎರಡನೇ ಸಲ ಬಂದರೆ "ಇನ್ನೂ ಒಣಗ್ಬೇಕು ಕಣಪ್ಪ" ಎಂಬ ಉತ್ತರ. ಮೂರನೇ ಸಲ ಬಂದರೆ ಮಾತುಕತೆ. ಮೊದಲು ಕೇಳುವುದು ಕೇಳುವುದೇ ಅಲ್ಲ, ಬರೀ ಕೆಮ್ಮಿದ ಹಾಗೆ ಎಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ತೆಗೆದುಕೊಂಡು ಹೋಗಿ ನನ್ನ ತಮ್ಮನ ಬದುಕಿಗೆ ಅಡ್ಡ ಇಟ್ಟೆ.

ತಮ್ಮ ಮಂಜು ತಿಪಟೂರಿನಲ್ಲಿ ಟ್ರಾಕ್ಟರ್ ಮೆಕ್ಯಾನಿಕ್. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಆಮೇಲೆ ಅವನನ್ನು ಬೆಳೆಸಿದ್ದು ನಾನೇ. ಹಾಗಾಗಿ ನನ್ನ ಮಾತು ಮೀರುವ ಅಭ್ಯಾಸ ಅವನಿಗಿಲ್ಲ. ಹತ್ತು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ ಮಣ್ಣು ಮೆತ್ತಿದ ಟ್ರಾಕ್ಟರಿನ ಕೆಳಗೆ ಮಲಗಿದವನಿಗೆ ನ್ಯೂಜಿಲೆಂಡಿನಲ್ಲಿ ಮನೆಯಷ್ಟು ದೊಡ್ಡ ಟ್ರಾಕ್ಟರುಗಳಿವೆ ಎಂದು ಗೊತ್ತಾದ ಮೇಲೆ ನಿದ್ದೆ ಕಡಿಮೆಯಾಯಿತು. ಅವನ ಜೊತೆಯವನೊಬ್ಬ ಮೊದಲು ಹೋಗಿ ಆಮೇಲೆ ಕೆಲಸ ಹುಡುಕುತ್ತೇನೆಂದು ಹೊರಟು, ಮೂರು ತಿಂಗಳಿಗೆ ಸೊರಗಿ ವಾಪಸು ಬಂದಿದ್ದ. ಅದಕ್ಕೇ ಮಂಜು, "ಕೆಲ್ಸ ಕೈಗೆ ಸಿಗ್ದೆ ಇಮಾನ ಹತ್ತಾಕಿಲ್ಲ ಕಣಕ್ಕ" ಎಂದು ಹಟ ಹಿಡಿದ. ಸಂಜೆ ಇಂಗ್ಲಿಷ್ ಕ್ಲಾಸಿಗೆ ಸೇರಿದ. ಎಂಟು ತಿಂಗಳು ಅರ್ಜಿ ಹಾಕಿದ. ಕೊನೆಗೊಂದು ವರ್ಕ್‌ಶಾಪಿನ ಒಡತಿ ವಿಡಿಯೋದಲ್ಲಿ ಮಾತಾಡಬೇಕೆಂದಳು.

ಅವನ ಬಾಡಿಗೆ ಮನೆಯ ಪಕ್ಕ ಹಿಟ್ಟಿನ ಗಿರಣಿ. ಅಲ್ಲಿ ಗಂಡ ಹೆಂಡತಿಯೇ ಒಬ್ಬರಿಗೊಬ್ಬರು ಕೂಗಿಕೊಂಡು ಮಾತಾಡಬೇಕು. ಹಾಗಾಗಿ ಇಂಟರ್‌ವ್ಯೂಗೆ ಮಾಯಸಂದ್ರದ ಹತ್ತಿರವಿರುವ ನಮ್ಮ ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಡುಮನೆಯಲ್ಲಿ ಕೂತ. ನಾನು ಫೋನಿಗೆ ಕಾಣದ ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತೆ. ಆಯಮ್ಮ ಅಲ್ಲಿಂದಲೇ ಒಂದು ಇಂಜಿನ್ ಚಾಲೂ ಮಾಡಿ ಸದ್ದು ಕೇಳಿಸಿದಳು. ಇವನು ಕಣ್ಣು ಮುಚ್ಚಿ ಕೇಳಿ ಏನೋ ಹೇಳಿದ. ಆಯಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಅವಳು ಕೇಳಿದ್ದು ಇಂಗ್ಲಿಷು ಬಾರದ ನನಗೂ ಅರ್ಥವಾಯಿತು: ಬರುತ್ತೀಯಾ? ಮಂಜು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದ. ನಾನು ಬೆಳ್ಳುಳ್ಳಿ ಹಿಡಿದ ಕೈಯನ್ನೇ ಗಾಳಿಯಲ್ಲಿ ಮೆಲ್ಲಗೆ ತಟ್ಟಿ, ತಡಿ ಎಂದು ಸನ್ನೆ ಮಾಡಿದೆ. ಅವನು ಮನೆಯವರನ್ನು ಕೇಳಿ ಹೇಳುತ್ತೇನೆಂದ. ಆಯಮ್ಮ ಶುಕ್ರವಾರದೊಳಗೆ ತಿಳಿಸಲು ಹೇಳಿ ನಗುತ್ತ ಹೋದಳು.

ಬುಧವಾರ ಅವಳಿಂದಲೇ ಒಂದು ಮೆಸೇಜು ಬಂತಂತೆ, ಕಾಯುತ್ತಿದ್ದೇವೆ ಎಂದು. ಮಂಜು ಫೋನು ಮಾಡಿದ.

"ಅಕ್ಕ, ಹೂಂ ಅಂತ ಬರ್ದುಬುಡ್ಲಾ?"

"ನೋಡ್ದಾ, ಎಲ್ಡನೇ ಸಲ ಕೇಳವ್ರೆ! ಇನ್ನೊಂದ್ ಸಲ ಕೇಳ್ತಾರೆ ಇರ್ಲಾ. ಈಗ್ಲೇ ಹಾರಿ ಬಿದ್ರೆ ಗತಿಗೆಟ್ಟೋನು ಅನ್ಕಂತಾರೆ. ಹೋದ್ಮೇಲೆ ಕಿಮ್ಮತ್ತಿರಾಕಿಲ್ಲ."

ಗಿರಣಿಯ ಸದ್ದನ್ನು ಮೀರಿಸಿ ಅವನ ಹೆಂಡತಿ ಲತಾ ಕೂಗಿದಳು: "ಅತ್ತಿಗೇ, ಶುಕ್ರವಾರ ಅಂತ ಬರೆದವ್ರಲ್ಲ!"

"ಬರೀತಾರೆ ಬುಡವ್ವ. ಲಗ್ನಪತ್ರಿಕೇಲಿ ಹತ್ತೂವರೆ ಅಂತ ಬರೀತಾರೆ. ಹತ್ತೂವರೆಗೆ ತಾಳಿ ಕಟ್ಟಿದ್ದ ಎಲ್ಲಾದ್ರೂ ಕಂಡಿದ್ದೀಯಾ?"

ನಾನು ಗೆದ್ದೆ. ಶುಕ್ರವಾರ ಕಳೆಯಿತು. ಶನಿವಾರ, ಭಾನುವಾರ ಮೂರನೇ ಕೇಳಿಕೆ ಬರಲಿಲ್ಲ. ಸೋಮವಾರ ಅವನ ಫೋನಿಗೆ ಕಾಗದ ಬಂತು. ನಮ್ಮ ಜಗಲಿಯ ಮೇಲೆ ಕೂತು ಮಂಜು ಅದನ್ನು ಕನ್ನಡ ಮಾಡಿ ಓದಿದ. ನಿಮಗೆ ಮನಸ್ಸಿಲ್ಲವೆಂದು ತಿಳಿದುಕೊಂಡು ಬೇರೊಬ್ಬರನ್ನು ಗೊತ್ತುಮಾಡಿದ್ದೇವೆ, ನಿಮಗೆ ಒಳ್ಳೆಯದಾಗಲಿ. ಅಷ್ಟೇ. ಒಂದೆರಡು ಬೈಗುಳವಾದರೂ ಇದ್ದಿದ್ದರೆ ನಾನು ಜಗಳಕ್ಕೆ ನಿಂತು ಹಗುರಾಗುತ್ತಿದ್ದೆ. ಮನಸ್ಸಿದೆ, ಬರುತ್ತೇನೆ ಎಂದು ಇವನು ಅಲ್ಲೇ ಕೂತು ಬರೆದು ಕಳಿಸಿದ. ಅದಕ್ಕೆ ಉತ್ತರ ಬರಲಿಲ್ಲ.

ನಮ್ಮೆಜಮಾನರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತು ಅಷ್ಟನ್ನೂ ನನಗೇ ಖರ್ಚು ಮಾಡಿದರು. "ಕೊಬ್ಬರಿಯೋನು ಮೂರ್ ಸಲ ಬತ್ತಾನೆ ಕಣೇ, ಅವನಿಗೆ ಕಾಲ್ಗಂಟೆ ದಾರಿ. ಆಯಮ್ಮ ಸಮುದ್ರ ದಾಟ್ಕಂಡ್ ಬಂದು ಇವನ ಕೈ ಹಿಡ್ದು ಎಳೀಬೇಕಿತ್ತಾ?"

ಇಲ್ಲಿಯವರೆಗೆ ಹೇಳಿದ್ದನ್ನು ನಾನು ಊರಿಗೆಲ್ಲ ಹೇಳಿದ್ದೇನೆ. ಹೆಚ್ಚು ಓದದವಳು, ಅವರ ಪದ್ಧತಿ ತಿಳಿಯಲಿಲ್ಲ ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಶುಕ್ರವಾರ ಎಂದರೆ ಶುಕ್ರವಾರವೇ ಎಂದು ನನಗೆ ಅನುಮಾನವಿತ್ತು. ಆ ಶುಕ್ರವಾರ ಸಂಜೆ, ಹೂಂ ಅಂದುಬಿಡು ಎಂದು ಅವನಿಗೆ ಹೇಳಲು ಫೋನು ಎರಡು ಸಲ ಕೈಗೆ ತೆಗೆದುಕೊಂಡು ಎರಡು ಸಲವೂ ಕೆಳಗಿಟ್ಟೆ. ನಾಗರಪಂಚಮಿ ಹತ್ತಿರವಿತ್ತು. ಪ್ರತಿ ವರ್ಷ ಮಂಜು ಬಂದು ಅಂಗಿ ಬಿಚ್ಚಿ ಕೂರುತ್ತಾನೆ, ನಾನು ಅವನ ಬೆನ್ನಿಗೆ ಹಾಲು ಹಾಕಿ ತೊಳೆಯುತ್ತೇನೆ, ಅವನು "ತಣ್ಣಗೈತೆ ಕಣಕ್ಕ" ಎಂದು ಕುಣಿಯುತ್ತಾನೆ. ಅವನು ಹೋದರೆ ಬಟ್ಟಲು ಹಿಡಿದು ನಾನು ಯಾರ ಬೆನ್ನು ಹುಡುಕಲಿ ಎಂದುಕೊಂಡೆ. ಒಂದು ಬೆನ್ನು ಉಳಿಸಿಕೊಳ್ಳಲು ಒಂದು ಬದುಕನ್ನು ತಡೆದೆ. ಆ ವರ್ಷದ ಪಂಚಮಿಗೆ ಅವನು ಬಂದ, ಕೂತ. ಹಾಲು ಎಷ್ಟು ತಣ್ಣಗಿದ್ದರೂ ಕುಣಿಯಲಿಲ್ಲ.

ಈಗ ಮತ್ತೆ ಅರ್ಜಿ ಹಾಕುತ್ತಿದ್ದಾನೆ. ವಯಸ್ಸು ಹೆಚ್ಚಾದಷ್ಟೂ ಕಷ್ಟವಂತೆ. ಇಂಟರ್‌ವ್ಯೂ ಇದ್ದರೆ ನಮ್ಮ ಮನೆಗೆ ಬರುವುದಿಲ್ಲ. ಗಿರಣಿಯವನೇ ಒಂದು ಗಂಟೆ ಮಿಷನ್ ನಿಲ್ಲಿಸುತ್ತಾನಂತೆ, ರಾಗಿ ಹೊತ್ತು ತಂದ ಹೆಂಗಸರು ಚೀಲದ ಮೇಲೆ ಕೂತು, ಸದ್ದಾಗದಿರಲೆಂದು ಬಾಯಿಗೆ ಸೆರಗು ಮುಚ್ಚಿಕೊಂಡು ಕಾಯುತ್ತಾರಂತೆ. ಯಾರೋ ಹೆಂಗಸರು ಅಷ್ಟು ಮಾಡುತ್ತಾರೆ. ಎರಡು ಇಂಟರ್‌ವ್ಯೂ ಆದವು, ಎರಡೂ ಗಿಟ್ಟಲಿಲ್ಲ. ನನ್ನನ್ನು ಮಾತ್ರ ಅವನು ಇವತ್ತಿಗೂ ಒಂದು ಮಾತು ಅಂದಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಬಂದಿದ್ದ. ಬಿಸಿಲಿಗೆ ಮುಖ ಬಾಡಿತ್ತು.

"ಊಟ ಮಾಡ್ಲಾ," ಅಂದೆ.

"ಹೂಂ, ಬಡಿಸಕ್ಕ," ಅಂದ.

ಕೈ ತೊಳೆದುಕೊಂಡು, ತಟ್ಟೆ ತಾನೇ ತೆಗೆದುಕೊಂಡು ಕೂತೇಬಿಟ್ಟ. ನಾನು ನಿಂತಲ್ಲೇ ನಿಂತೆ. ಒಲೆ ತಣ್ಣಗಿತ್ತು.

"ಯಾಕಕ್ಕ, ಅಂಗ್ ನಿಂತ್ಕಂಡೆ?"

"ಇನ್ನೂ ಎಸರಿಟ್ಟಿಲ್ಲ ಕಣ್ಲಾ."

ಅವನು ತಟ್ಟೆ ನೋಡಿದ, ನನ್ನ ಮುಖ ನೋಡಿದ. ಎಷ್ಟೋ ದಿನದ ಮೇಲೆ ನಕ್ಕ. "ಕರೆಯಾಕೆ ಮುಂಚೆ ಇಡ್ಬೇಕು ಕಣಕ್ಕ. ನಾನೀಗ ಒಂದೇ ಸಲಕ್ಕೆ ಹೂಂ ಅನ್ನೋದ್ ಕಲ್ತಿವ್ನಿ."

ನೀರು ಕುದಿಯುವ ತನಕ ಅವನು ಖಾಲಿ ತಟ್ಟೆಯ ಮುಂದೆ ಕೂತಿದ್ದ, ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಬೇಡ ಬೇಡ ಎನ್ನುತ್ತಿದ್ದ ಅಷ್ಟು ವರ್ಷವೂ ಅವನಿಗೆ ಹಸಿವಾಗಿಯೇ ಇರುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಗೊತ್ತಿದ್ದಕ್ಕೇ ಅಲ್ಲವೇ, ಅವನು ಬೇಡ ಅಂದ ಕೂಡಲೇ ನಾನು ಎಸರಿಡುತ್ತಿದ್ದದ್ದು?